ಜೂರಿಯಿಂದ ಪಂಚರವರೆಗೆ: ಬಳ್ಳಾರಿಯ ಕ್ರಿಮಿನಲ್ ಮೇಲ್ಮನವಿ

1898ರ ದಂಡ ಪ್ರಕ್ರಿಯಾ ಸಂಹಿತೆಯ ಕಾಲದಲ್ಲಿ ಬಳ್ಳಾರಿ ಮದ್ರಾಸ್ ಪ್ರಾಂತಕ್ಕೆ ಸೇರಿತ್ತು. ಸಿರುಗುಪ್ಪ, ಕುರುಗೋಡು ಕಡೆಯ ಕೊಲೆ ಪ್ರಕರಣದಲ್ಲಿ ಶಿಕ್ಷೆಯಾದರೆ ಅಪೀಲು ಮದ್ರಾಸ್ ಹೈಕೋರ್ಟಿಗೆ ಹೋಗುತ್ತಿತ್ತು. ಸರ್ಕಾರ ಆಜ್ಞೆ ಹೊರಡಿಸಿದ ಜಿಲ್ಲೆಗಳಲ್ಲಿ, ಆಜ್ಞೆಯಲ್ಲಿ ಹೇಳಿದ ಅಪರಾಧಗಳನ್ನು ಜೂರಿಯ ಮುಂದೆ ವಿಚಾರಿಸಲಾಗುತ್ತಿತ್ತು; ಉಳಿದ ಸೆಷನ್ಸ್ ಪ್ರಕರಣಗಳಿಗೆ ನ್ಯಾಯಾಧೀಶರಿಗೆ ಅಭಿಪ್ರಾಯ ಹೇಳುವ ಅಸೆಸರುಗಳಿದ್ದರು.

ಜೂರಿಗಳನ್ನು ಚೀಟಿ ಎತ್ತಿ ಆರಿಸುತ್ತಿದ್ದರು. ಪಕ್ಷಪಾತಿ ಎಂದೋ, ಪೊಲೀಸ್ ಕೆಲಸದವನೆಂದೋ, ಸಾಕ್ಷ್ಯದ ಭಾಷೆ ತಿಳಿಯದವನೆಂದೋ ಆರೋಪಿ ಆಕ್ಷೇಪಿಸಬಹುದಿತ್ತು. ಕನ್ನಡ, ತೆಲುಗು ಬೆರೆತ ಸೀಮೆಗೆ ಈ ಕೊನೆಯ ಕಾರಣ ಸಣ್ಣದಲ್ಲ. ಆದರೆ 279ನೇ ಕಲಮಿನಂತೆ ಆ ಆಕ್ಷೇಪದ ಮೇಲೆ ವಿಚಾರಣಾ ನ್ಯಾಯಾಲಯದ ತೀರ್ಮಾನವೇ ಅಂತಿಮ. ಜೂರಿ ವಿಚಾರಣೆಯ ಶಿಕ್ಷೆಯನ್ನು ಕಾನೂನಿನ ಅಂಶದ ಮೇಲೆ ಮಾತ್ರ ಪ್ರಶ್ನಿಸಬಹುದೆಂದು 418ನೇ ಕಲಂ ಹೇಳಿತ್ತು. ಹೀಗಾಗಿ ವಕೀಲರಿಗೆ ಉಳಿದ ಮುಖ್ಯ ದಾರಿ, ನ್ಯಾಯಾಧೀಶರು ಜೂರಿಗೆ ತಪ್ಪು ನಿರ್ದೇಶನ ಕೊಟ್ಟರು, ಸಲ್ಲದ ಸಾಕ್ಷ್ಯವನ್ನು ಒಳಗೆ ಬಿಟ್ಟರು ಎಂಬ ವಾದ. ಅದಕ್ಕೂ ಸಾಕ್ಷ್ಯ ಅಧಿನಿಯಮದ 167ನೇ ಕಲಂ ಅಡ್ಡ ನಿಂತಿತ್ತು: ಆ ಸಾಕ್ಷ್ಯವನ್ನು ತೆಗೆದುಹಾಕಿದ ಮೇಲೂ ಉಳಿದದ್ದು ತೀರ್ಪಿಗೆ ಸಾಕಾದರೆ ತೀರ್ಪು ನಿಲ್ಲುತ್ತದೆ. ಸಾಮಾನ್ಯ ಆರೋಪಿಗೆ ಇದು ಕಠಿಣ ವ್ಯವಸ್ಥೆಯಾಗಿತ್ತು.

1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿತು, ಅಪೀಲಿನ ದಾರಿ ಬೆಂಗಳೂರಿಗೆ ತಿರುಗಿತು. 1955ರ ತಿದ್ದುಪಡಿಯಿಂದ ಅಸೆಸರು ಪದ್ಧತಿ ಹೋಯಿತು. 1958ರಲ್ಲಿ ಕಾನೂನು ಆಯೋಗ ಜೂರಿಯನ್ನೂ ಕೈಬಿಡಲು ಶಿಫಾರಸು ಮಾಡಿತು. ಮುಂಬೈಯ ನಾನಾವತಿ ಪ್ರಕರಣದಲ್ಲಿ ಜೂರಿಯ ಬಿಡುಗಡೆಯ ತೀರ್ಪನ್ನು ಹೈಕೋರ್ಟ್ ತಳ್ಳಿಹಾಕಿದ್ದನ್ನು 1961ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. 1974ರ ಏಪ್ರಿಲ್ 1ರಿಂದ ಜಾರಿಗೆ ಬಂದ ಹೊಸ ಸಂಹಿತೆಯಲ್ಲಿ ಜೂರಿಗೆ ಜಾಗವಿರಲಿಲ್ಲ.

ಇದರಿಂದ ಅಪೀಲಿನ ಸ್ವರೂಪವೇ ಬದಲಾಯಿತು. ಈಗ ಹೈಕೋರ್ಟ್ ಕಾನೂನಿನ ಜೊತೆಗೆ ಇಡೀ ಸಾಕ್ಷ್ಯವನ್ನೂ ಹೊಸದಾಗಿ ತೂಗಿ ನೋಡಬೇಕು. ಜೂರಿ ಆಯ್ಕೆಯ ತಕರಾರಿದ್ದ ಜಾಗದಲ್ಲಿ ಇಂದು ಪಂಚರ (ಪೊಲೀಸರ ಜಪ್ತಿಗೆ ಸಾಕ್ಷಿ ನಿಲ್ಲುವವರ) ಆಯ್ಕೆಯ ತಕರಾರು ಇದೆ ಎನ್ನಬಹುದು. ಆರೋಪಿ ತೋರಿಸಿದ ಮಚ್ಚು ಸಿಕ್ಕಿತೆಂಬ ಪಂಚನಾಮೆಗೆ ಸಹಿ ಹಾಕಿದವರು ಪೊಲೀಸರ ಖಾಯಂ ಪಂಚರೇ, ಸಹಿ ಠಾಣೆಯಲ್ಲೇ ಆಯಿತೇ ಎಂಬ ಪ್ರಶ್ನೆಗಳ ಮೇಲೆ ಎಷ್ಟೋ ಸಲ ಶಿಕ್ಷೆ ನಿಲ್ಲುತ್ತದೆ ಅಥವಾ ಬೀಳುತ್ತದೆ. ಗುಂಟೂರಿನಿಂದ ಹೋದ ಕೊಟ್ಟಯ್ಯ ಪ್ರಕರಣದಲ್ಲಿ ಪ್ರಿವಿ ಕೌನ್ಸಿಲ್ 1947ರಲ್ಲೇ ಗೆರೆ ಎಳೆದಿತ್ತು: ಆರೋಪಿ ಪೊಲೀಸರಿಗೆ ಕೊಟ್ಟ ಹೇಳಿಕೆಯಲ್ಲಿ ಪತ್ತೆಗೆ ನೇರ ಸಂಬಂಧಿಸಿದಷ್ಟು ಭಾಗ ಮಾತ್ರ ಸಲ್ಲುತ್ತದೆ. ಕರ್ನಾಟಕದ ಸುಬ್ರಮಣ್ಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2022ರಲ್ಲಿ ಇನ್ನೂ ಮುಂದೆ ಹೋಗಿ, ಆರೋಪಿ ಹೇಳಿಕೆ ಕೊಡುವಾಗಲೇ ಸ್ವತಂತ್ರ ಪಂಚರು ಎದುರಿಗಿರಬೇಕೆಂದಿತು. ಮೊಬೈಲ್, ಸಿಸಿಟಿವಿ ದಾಖಲೆಗಳಿಗೆ ಪ್ರಮಾಣಪತ್ರ ಕಡ್ಡಾಯವೆಂದು 2014ರ ಅನ್ವರ್ ತೀರ್ಪು ಹೇಳಿದ ಮೇಲೆ ಅದರ ಕೊರತೆಯೂ ಅಪೀಲಿನ ಸಾಮಾನ್ಯ ಕಾರಣವಾಯಿತು.

ಆಕ್ಷೇಪವನ್ನು ತೀರ್ಮಾನಿಸಬೇಕಾದ ಹೊತ್ತಿನ ಬಗೆಗೂ ನಿಲುವು ಬದಲಾಗಿದೆ. ವಿವಾದಿತ ದಾಖಲೆಯನ್ನು ತಾತ್ಕಾಲಿಕವಾಗಿ ಗುರುತಿಸಿ ತೀರ್ಪಿನಲ್ಲಿ ನಿರ್ಧರಿಸಿದರಾಯಿತೆಂದು 2001ರಲ್ಲಿ ಹೇಳಿದ್ದ ಸುಪ್ರೀಂ ಕೋರ್ಟ್, ಸಾಧ್ಯವಿದ್ದಲ್ಲೆಲ್ಲ ಆಗಿಂದಾಗಲೇ ತೀರ್ಮಾನಿಸಬೇಕೆಂದು 2021ರಲ್ಲಿ ಸೂಚಿಸಿತು. ಸಾಕ್ಷಿಯ ವಿಚಾರಣೆಯ ವೇಳೆಯೇ ಆಕ್ಷೇಪವನ್ನು ಬರೆಸದ ವಕೀಲರು ಅಪೀಲಿನಲ್ಲಿ ಕಷ್ಟಪಡುತ್ತಾರೆ.

2008ರಲ್ಲಿ ಧಾರವಾಡದಲ್ಲಿ ಹೈಕೋರ್ಟಿನ ಸಂಚಾರಿ ಪೀಠ ತೆರೆದದ್ದು ಬಳ್ಳಾರಿಯವರಿಗೆ ನಿಜವಾದ ಉಪಕಾರ. 2013ರಲ್ಲಿ ಅದು ಕಾಯಂ ಆಯಿತು. ಸಿರುಗುಪ್ಪದ ಮ್ಯಾಜಿಸ್ಟ್ರೇಟ್ ಕೊಟ್ಟ ಶಿಕ್ಷೆಯ ಮೇಲೆ ಬಳ್ಳಾರಿಯ ಸೆಷನ್ಸ್ ಕೋರ್ಟಿಗೆ 30 ದಿನದೊಳಗೆ, ಸೆಷನ್ಸ್ ಶಿಕ್ಷೆಯ ಮೇಲೆ ಧಾರವಾಡಕ್ಕೆ ಸಾಮಾನ್ಯವಾಗಿ 60 ದಿನದೊಳಗೆ ಅಪೀಲು ಹೋಗಬೇಕು. 2024ರ ಜುಲೈ 1ರಿಂದ ಬಂದ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಈ ಅಪೀಲಿನ ಹಕ್ಕು 415ನೇ ಕಲಮಿನಲ್ಲಿದೆ. ಹಳೆಯ 167ನೇ ಕಲಂ ಹೊಸ ಸಾಕ್ಷ್ಯ ಅಧಿನಿಯಮದಲ್ಲಿ 169 ಆಗಿ ಉಳಿದಿದೆ.