ಮೂರನೆಯ ಹೆಸರು

ಯಾವುದೇ ಸಂಶೋಧನಾ ಪ್ರಬಂಧ ಕೈಗೆ ಬಂದರೂ ನಾನು ಮೊದಲು ನೋಡುವುದು ಲೇಖಕರ ಹೆಸರುಗಳನ್ನು. 1945ರ ಮೇ ತಿಂಗಳಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಬಂದ ಒಂದು ಪ್ರಬಂಧಕ್ಕೆ ಎರಡು ಹೆಸರುಗಳಿವೆ: ಆಲ್ಫ್ರೆಡ್ ಬ್ಲೇಲಾಕ್ ಮತ್ತು ಹೆಲೆನ್ ಟೌಸಿಗ್. ಹುಟ್ಟಿನಿಂದಲೇ ಹೃದಯದೋಷವಿದ್ದ ಮೂರು ಮಕ್ಕಳಿಗೆ ಮಾಡಿದ ಶಸ್ತ್ರಚಿಕಿತ್ಸೆಯ ವರದಿ ಅದು. ಅಲ್ಲಿರಬೇಕಾಗಿದ್ದ ಮೂರನೆಯ ಹೆಸರು ವಿವಿಯನ್ ಥಾಮಸ್.

ಇಂಥ ಮಕ್ಕಳನ್ನು ಆಗ ‘ನೀಲಿ ಕೂಸು’ಗಳೆನ್ನುತ್ತಿದ್ದರು. ಹೃದಯದ ಕೆಳಕೋಣೆಗಳ ನಡುವಿನ ಗೋಡೆಯಲ್ಲಿ ತೂತು, ಶ್ವಾಸಕೋಶಕ್ಕೆ ಹೋಗುವ ದಾರಿ ಕಿರಿದು. ಆಮ್ಲಜನಕ ಸಾಲದ ರಕ್ತವೇ ಮೈಯೆಲ್ಲ ಹರಿದು ತುಟಿ, ಉಗುರು ನೀಲಿಗಟ್ಟುತ್ತಿದ್ದವು. ಫ್ರಾನ್ಸಿನ ವೈದ್ಯ ಫ್ಯಾಲೋ 1888ರಲ್ಲೇ ಇದನ್ನು ವಿವರಿಸಿದ್ದರು. ಕಾಯಿಲೆಗೆ ಹೆಸರಿತ್ತು, ಮದ್ದಿರಲಿಲ್ಲ.

ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಮಕ್ಕಳ ಹೃದಯ ವಿಭಾಗ ನೋಡಿಕೊಳ್ಳುತ್ತಿದ್ದ ಟೌಸಿಗ್ ಅವರಿಗೆ ಕಿವಿ ಮಂದವಾಗಿತ್ತು. ಕೂಸಿನ ಎದೆಯ ಮೇಲೆ ಬೆರಳಿಟ್ಟು ಮಿಡಿತ ಗುರುತಿಸುವುದನ್ನು ಅವರು ರೂಢಿಸಿಕೊಂಡಿದ್ದರು. ಗರ್ಭದಲ್ಲಿ ತೆರೆದಿದ್ದು, ಹುಟ್ಟಿದ ಮೇಲೆ ತಾನಾಗಿ ಮುಚ್ಚಿಕೊಳ್ಳುವ ರಕ್ತನಾಳವೊಂದಿದೆ. ಅದು ಮುಚ್ಚದೆ ಉಳಿದರೆ ನೀಲಿ ಕೂಸು ಕೊಂಚ ಚೇತರಿಸಿಕೊಂಡಿರುತ್ತದೆ, ಮುಚ್ಚಿದರೆ ಕುಸಿಯುತ್ತದೆ ಎಂಬುದು ಅವರ ಗಮನಕ್ಕೆ ಬಂತು. ಹಾಗಾದರೆ ಅಂಥದೇ ದಾರಿಯೊಂದನ್ನು ನಾವೇ ಯಾಕೆ ಮಾಡಿಕೊಡಬಾರದು? ಈ ಪ್ರಶ್ನೆಯನ್ನು ಅವರು ಬ್ಲೇಲಾಕ್ ಮುಂದಿಟ್ಟರು.

ಉತ್ತರ ಹುಡುಕುವ ಕೆಲಸ ಬಂದದ್ದು ಬ್ಲೇಲಾಕ್ ಅವರ ಪ್ರಯೋಗಾಲಯದ ಸಹಾಯಕರಾಗಿದ್ದ ಥಾಮಸ್ ಕೈಗೆ. 1910ರಲ್ಲಿ ಹುಟ್ಟಿದ ಕಪ್ಪು ಜನಾಂಗದ ಥಾಮಸ್, ಬಡಗಿಯ ಮಗ. ತಾವೂ ಆ ಕಸುಬು ಬಲ್ಲವರು. ಡಾಕ್ಟರಾಗಬೇಕೆಂದು ಕೂಡಿಟ್ಟ ಹಣ ಮಹಾ ಆರ್ಥಿಕ ಕುಸಿತದಲ್ಲಿ ಬ್ಯಾಂಕಿನೊಂದಿಗೇ ಮುಳುಗಿತ್ತು. 1930ರಲ್ಲಿ ವ್ಯಾಂಡರ್ಬಿಲ್ಟ್ ವಿಶ್ವವಿದ್ಯಾಲಯದಲ್ಲಿ ಬ್ಲೇಲಾಕ್ ಬಳಿ ಕೆಲಸಕ್ಕೆ ಸೇರಿದಾಗ, ಕಡತದಲ್ಲಿ ಅವರ ಹುದ್ದೆ ಕಸಗುಡಿಸುವವನದು. ಹಾಪ್ಕಿನ್ಸ್‌ಗೆ ಬಂದ ಮೇಲೆ ಅವರು ನಾಯಿಗಳ ಮೇಲೆ ಪ್ರಯೋಗ ಮಾಡುತ್ತಾ, ತೋಳಿಗೆ ಹೋಗುವ ಧಮನಿಯನ್ನು ಶ್ವಾಸಕೋಶದ ಧಮನಿಗೆ ಹೊಲಿಯುವ ಕ್ರಮವನ್ನು ಪಳಗಿಸಿದರು. ಕೂಸಿನ ಎಳೆಯ ನಾಳಕ್ಕೆ ಒಗ್ಗುವಂತೆ ಸೂಜಿಗಳನ್ನೂ ಸಿದ್ಧಪಡಿಸಿದರು.

1944ರ ನವೆಂಬರ್ 29ರಂದು ಐಲೀನ್ ಸ್ಯಾಕ್ಸನ್ ಎಂಬ ಕೂಸನ್ನು ಶಸ್ತ್ರಚಿಕಿತ್ಸೆಗೆ ಒಯ್ದರು. ವಯಸ್ಸು 15 ತಿಂಗಳು, ತೂಕ ಸುಮಾರು 4 ಕೆ.ಜಿ. ಹೃದಯದ ಕೆಲಸವನ್ನು ಹೊರಗಿನಿಂದ ನಡೆಸುವ ಯಂತ್ರ ಆಗ ಬಳಕೆಗೆ ಬಂದಿರಲಿಲ್ಲ. ಹೃದಯ ಬಡಿಯುತ್ತಿರುವಾಗಲೇ ಅದರ ಪಕ್ಕದ ನಾಳಗಳನ್ನು ಹೊಲಿಯಬೇಕು. ಬ್ಲೇಲಾಕ್ ಥಾಮಸ್‌ರನ್ನು ಕರೆಸಿ ತಮ್ಮ ಹಿಂದೆ ಸ್ಟೂಲಿನ ಮೇಲೆ ನಿಲ್ಲಿಸಿಕೊಂಡರು. ಪ್ರತಿ ಹೊಲಿಗೆಗೂ ಅವರನ್ನೇ ಕೇಳಿಕೊಂಡರು.

ಐಲೀನ್ ಚೇತರಿಸಿಕೊಂಡಳು. ಆದರೆ ಮತ್ತೆ ಹದಗೆಟ್ಟು, ಎರಡು ವರ್ಷ ತುಂಬುವ ಮೊದಲೇ ತೀರಿಕೊಂಡಳು. ಮೂರನೆಯ ರೋಗಿ, ಆರು ವರ್ಷದ ಹುಡುಗ. ನಾಳದ ಹಿಡಿಕೆ ಸಡಿಲಿಸಿದೊಡನೆ ಅವನ ತುಟಿಗೆ ಕೆಂಪು ಬಂತು. ಸುದ್ದಿ ಹಬ್ಬಿತು, ದೂರದೂರದಿಂದ ತಂದೆತಾಯಂದಿರು ನೀಲಿ ಕೂಸುಗಳನ್ನೆತ್ತಿಕೊಂಡು ಬಾಲ್ಟಿಮೋರ್‌ಗೆ ಬಂದರು. ಆ ಕ್ರಮಕ್ಕೆ ಬ್ಲೇಲಾಕ್–ಟೌಸಿಗ್ ಎಂಬ ಹೆಸರು ನಿಂತಿತು.

ಥಾಮಸ್ ಪ್ರಯೋಗಾಲಯದಲ್ಲೇ ಉಳಿದು, ಮುಂದೆ ದೊಡ್ಡ ಸರ್ಜನ್‌ಗಳಾದ ಯುವ ವೈದ್ಯರ ಕೈ ಪಳಗಿಸಿದರು. 1971ರಲ್ಲಿ ಹಾಪ್ಕಿನ್ಸ್‌ನಲ್ಲಿ ಅವರ ಭಾವಚಿತ್ರ ಅನಾವರಣಗೊಂಡಿತು. 1976ರಲ್ಲಿ ಸಿಕ್ಕ ಗೌರವ ಡಾಕ್ಟರೇಟ್ ಕಾನೂನಿನದು, ವೈದ್ಯಕೀಯದ್ದಲ್ಲ. ಅವರು ತೀರಿಕೊಂಡದ್ದು 1985ರಲ್ಲಿ. ಇತ್ತೀಚಿನ ವರ್ಷಗಳಲ್ಲಿ ಅನೇಕ ವೈದ್ಯರು ಆ ಕ್ರಮವನ್ನು ಬ್ಲೇಲಾಕ್–ಟೌಸಿಗ್–ಥಾಮಸ್ ಎಂದೇ ಬರೆಯುತ್ತಾರೆ.

ಇದನ್ನು ಬ್ಲೇಲಾಕ್ ಮೇಲಿನ ಆರೋಪಪಟ್ಟಿಯಾಗಿಸುವುದು ಸುಲಭ. ಆದರೆ ಥಾಮಸ್‌ರನ್ನು ಆ ಕೋಣೆಗೆ ಕರೆಸಿದವರೂ ಅವರೇ, ಪ್ರಬಂಧದಲ್ಲಿ ಪಕ್ಕಕ್ಕೆ ಕೂರಿಸಿಕೊಳ್ಳದವರೂ ಅವರೇ. ಕೌಶಲವನ್ನು ನಂಬುವುದು ಬೇರೆ, ಅದಕ್ಕೆ ಹೆಸರು ಕೊಡುವುದು ಬೇರೆ. ಚರಿತ್ರೆ ಓದುವ ನಮ್ಮಂಥವರಿಗೆ ಮುದ್ರಿತ ಪುಟ ಎರಡು ಹೆಸರು ಹೇಳುತ್ತದೆ. ಮೂರನೆಯದನ್ನು ಆ ಸ್ಟೂಲಿನ ಬಳಿ ಹುಡುಕಬೇಕು.