ಕಡಲಾಳಕ್ಕೆ ಇಳಿಯುವ ಮುನ್ನ ಅರಿಯಬೇಕಾದ ಸಲಕರಣೆಗಳು

ಉತ್ತರ ಕನ್ನಡ ಜಿಲ್ಲೆಯ ಮುರುಡೇಶ್ವರದಿಂದ ದೋಣಿಯಲ್ಲಿ ತಲುಪಬಹುದಾದ ನೇತ್ರಾಣಿ ದ್ವೀಪವು ಸ್ನಾರ್ಕೆಲಿಂಗ್ ಹಾಗೂ ಸ್ಕೂಬಾ ಡೈವಿಂಗ್‌ಗೆ ಹೆಸರಾಗಿದೆ. ನೀರಿನ ಮೇಲೆ ತೇಲುತ್ತಾ ಕೆಳಗಿನ ಜೀವಲೋಕವನ್ನು ನೋಡುವುದು ಸ್ನಾರ್ಕೆಲಿಂಗ್. ಗಾಳಿಯ ಸಿಲಿಂಡರ್ ಹೊತ್ತು ಆಳಕ್ಕಿಳಿಯುವುದು ಸ್ಕೂಬಾ. ಹೊಸಬರು ತಿಳಿದಿರಬೇಕಾದ ಸಲಕರಣೆಗಳು ಇಂತಿವೆ.

ಮಾಸ್ಕ್: ಆಳದಲ್ಲಿ ನೀರಿನ ಒತ್ತಡವು ಈಜುಗನ್ನಡಕವನ್ನು ಕಣ್ಣಿಗೆ ಅದುಮುತ್ತದೆ. ಮೂಗನ್ನೂ ಮುಚ್ಚುವ ಮಾಸ್ಕ್‌ನಲ್ಲಾದರೆ ಮೂಗಿನಿಂದ ಗಾಳಿ ಬಿಟ್ಟು ಒತ್ತಡವನ್ನು ಸರಿದೂಗಿಸಬಹುದು. ಪಟ್ಟಿ ಕಟ್ಟದೆ ಮುಖಕ್ಕಿಟ್ಟು ಮೂಗಿನಿಂದ ಉಸಿರೆಳೆದಾಗ ಅದು ಅಂಟಿ ನಿಂತರೆ ಅಳತೆ ಸರಿಯಿದೆ ಎಂದರ್ಥ.

ಸ್ನಾರ್ಕೆಲ್: ಬಾಯಲ್ಲಿ ಕಚ್ಚಿಕೊಳ್ಳುವ ಗಿಡ್ಡ ಕೊಳವೆ. ಉದ್ದ ಹೆಚ್ಚಿದಷ್ಟೂ ಬಿಟ್ಟ ಉಸಿರೇ ಮರಳಿ ಒಳಬರುವುದರಿಂದ ಉದ್ದನೆಯ ಕೊಳವೆ ಅಪಾಯಕಾರಿ.

ಫಿನ್: ಕಡಿಮೆ ಶ್ರಮದಲ್ಲಿ ಮುಂದೆ ಸಾಗಲು ನೆರವಾಗುವ ಕಾಲಿನ ಈಜುರೆಕ್ಕೆ. ಸಡಿಲವಾದರೆ ಕಳಚುತ್ತದೆ, ಬಿಗಿಯಾದರೆ ಪಾದ ಸೆಳೆತಕ್ಕೊಳಗಾಗುತ್ತದೆ.

ಸಿಲಿಂಡರ್, ರೆಗ್ಯುಲೇಟರ್: ಸಿಲಿಂಡರಿನಲ್ಲಿ ಸಾಮಾನ್ಯವಾಗಿ ಇರುವುದು ಶುದ್ಧ ಆಮ್ಲಜನಕವಲ್ಲ, ಒತ್ತಿ ತುಂಬಿದ ಗಾಳಿ. ರೆಗ್ಯುಲೇಟರ್ ಅದನ್ನು ಸುತ್ತಲಿನ ನೀರಿನ ಒತ್ತಡಕ್ಕೆ ಹೊಂದಿಸಿ ಬಾಯಿಗೆ ಒದಗಿಸುತ್ತದೆ. 1943ರಲ್ಲಿ ಫ್ರಾನ್ಸ್‌ನಲ್ಲಿ ಜಾಕ್ ಕುಸ್ತೊ ಮತ್ತು ಎಮಿಲ್ ಗಾನ್ಯಾಂ ರೂಪಿಸಿದ 'ಆಕ್ವಾಲಂಗ್' ಇದಕ್ಕೆ ಬುನಾದಿ.

ಬಿಸಿಡಿ: ಗಾಳಿ ತುಂಬಿ, ಹೊರಬಿಟ್ಟು ತೇಲುವಿಕೆಯನ್ನು ನಿಯಂತ್ರಿಸುವ ಜಾಕೆಟ್. ಇದರೊಂದಿಗೆ ತೂಕದ ಪಟ್ಟಿ, ಗಾಳಿ ಮತ್ತು ಆಳದ ಮಾಪಕಗಳು, ದೇಹದ ಶಾಖ ಕಾಯುವ ವೆಟ್‌ಸೂಟ್ ಇರುತ್ತವೆ.

ಸಲಕರಣೆ ಎಷ್ಟೇ ಉತ್ತಮವಾಗಿದ್ದರೂ ಒಂದು ನಿಯಮವನ್ನು ಮರೆಯುವಂತಿಲ್ಲ. 10 ಮೀಟರ್ ಆಳದಲ್ಲಿ ಒತ್ತಡವು ಮೇಲ್ಮೈಯ ಇಮ್ಮಡಿಯಾಗಿರುತ್ತದೆ. ಅಲ್ಲಿ ಎಳೆದ ಉಸಿರನ್ನು ಬಿಗಿಹಿಡಿದು ಮೇಲೇರಿದರೆ, ಹಿಗ್ಗುವ ಗಾಳಿ ಶ್ವಾಸಕೋಶವನ್ನೇ ಹರಿಯಬಲ್ಲದು. ಆದ್ದರಿಂದ ಸ್ಕೂಬಾದಲ್ಲಿ ಉಸಿರಾಟವನ್ನು ಎಂದಿಗೂ ನಿಲ್ಲಿಸಬಾರದು; ತರಬೇತುದಾರರಿಲ್ಲದೆ ಹೊಸಬರು ನೀರಿಗಿಳಿಯಲೂಬಾರದು.