ದೂನ್ ಕಣಿವೆಯ ಕವಾಯತು ಶಾಲೆ

1922ನೆಯ ಇಸವಿ ಮಾರ್ಚ್ 10ರಂದು ಸಾಬರಮತಿಯಲ್ಲಿ ಗಾಂಧೀಜಿಯವರ ದಸ್ತಗಿರಿಯಾಯಿತು. 18ರಂದು ಅಹಮದಾಬಾದಿನಲ್ಲಿ ವಿಚಾರಣೆ ನಡೆದು ಅವರಿಗೆ ಆರು ವರ್ಷಗಳ ಸಜೆಯಾಯಿತು. ಈ ಎರಡು ದಿನಗಳ ನಡುವೆ, 13ರಂದು, ಹಿಮಾಲಯದ ತಪ್ಪಲಿನ ಡೆಹರಾಡೂನಿನಲ್ಲಿ ಇಂಗ್ಲೆಂಡಿನ ಯುವರಾಜನು ಒಂದು ಶಾಲೆಯನ್ನು ತೆರೆದನು. ಅವನು ಕಾಲಿಟ್ಟ ಊರುಗಳಲ್ಲಿ ಹರತಾಳ. ಬೊಂಬಾಯಿಯಲ್ಲಂತೂ ಅವನು ಬಂದಿಳಿದ ದಿನವೇ ಗಲಭೆ. ಅಂಥ ಕಾಲದಲ್ಲಿ ಅವನದೇ ಹೆಸರು ಹೊತ್ತು ಹುಟ್ಟಿದ್ದು 'ಪ್ರಿನ್ಸ್ ಆಫ್ ವೇಲ್ಸ್ ರಾಯಲ್ ಇಂಡಿಯನ್ ಮಿಲಿಟರಿ ಕಾಲೇಜ್'. ಕಾಲೇಜೆಂಬುದು ಹೆಸರಿಗೆ ಮಾತ್ರ. ಒಳಗಿದ್ದವರು ಮೀಸೆ ಮೂಡದ ಹುಡುಗರು.

ಶಾಲೆ ಹುಟ್ಟಿದ್ದು ಪಾಠಕ್ಕಾಗಿ ಎನ್ನುವುದಕ್ಕಿಂತ ಒಂದು ವಾದಕ್ಕೆ ಉತ್ತರವಾಗಿ ಎನ್ನುವುದು ಮೇಲು. ಆ ವಾದ ಹಳೆಯದು. ಭಾರತದ ಸೈನ್ಯದಲ್ಲಿ ಗುಂಡಿಗೆ ಎದೆಯೊಡ್ಡುವವರು ನಮ್ಮವರು. ಆಜ್ಞೆ ಕೊಡುವವರು ಮಾತ್ರ ಇಂಗ್ಲಿಷರು. ಮೂವತ್ತು ವರ್ಷ ಸೇವೆ ಮಾಡಿ ತಲೆ ನರೆತ ಸುಬೇದಾರನೂ ನಿನ್ನೆ ಹಡಗಿನಿಂದಿಳಿದ ಇಪ್ಪತ್ತರ ಗೋರಾ ಲೆಫ್ಟಿನೆಂಟನಿಗೆ ಸಲಾಮು ಹೊಡೆಯಬೇಕು. 1901ರಲ್ಲಿ ಲಾರ್ಡ್ ಕರ್ಜನ್ ಇದಕ್ಕೊಂದು ಮದ್ದು ಹುಡುಕಿ, ರಾಜರ, ಜಹಗೀರದಾರರ ಮಕ್ಕಳಿಗಾಗಿ 'ಇಂಪೀರಿಯಲ್ ಕೆಡೆಟ್ ಕೋರ್' ಎಂಬುದನ್ನು ಸ್ಥಾಪಿಸಿದ. ಠೀವಿಗೇನೂ ಕಡಮೆಯಿರಲಿಲ್ಲ. ಆದರೆ ಅಲ್ಲಿ ಕಲಿತು ಬಂದವರ ಅಧಿಕಾರ ಗೋರಾ ಸಿಪಾಯಿಗಳ ಮೇಲೆ ನಡೆಯುವಂಥದಾಗಿರಲಿಲ್ಲ. ಕತ್ತಿಯನ್ನು ಕೊಟ್ಟು ಒರೆಯನ್ನು ಬಿಗಿದ ಹಾಗೆ!

ಮೊದಲನೆಯ ಮಹಾಯುದ್ಧ ಬಂತು. ನಮ್ಮ ಸಿಪಾಯಿಗಳು ಫ್ರಾನ್ಸಿನ ಕೆಸರಿನಲ್ಲಿಯೂ ಮೆಸಪೊಟೇಮಿಯದ ಮರಳಿನಲ್ಲಿಯೂ ಸತ್ತರು. ಇನ್ನು 'ರಾಜನ ಸನ್ನದು', ಎಂದರೆ 'ಕಿಂಗ್ಸ್ ಕಮಿಷನ್', ಭಾರತೀಯರಿಗೆ ಸಲ್ಲದು ಎನ್ನುವುದು ಕಷ್ಟವಾಯಿತು. 1917ರಲ್ಲಿ ಸರ್ಕಾರ ಬಾಗಿಲನ್ನು ಬೆರಳಗಲ ತೆರೆಯಿತು. ಮರುವರ್ಷದಿಂದ ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್ ಸೈನಿಕ ಕಾಲೇಜಿನಲ್ಲಿ ವರ್ಷಕ್ಕೆ ಹತ್ತು ಸ್ಥಾನಗಳನ್ನು ಭಾರತೀಯರಿಗೆ ಬಿಟ್ಟಿತು. ಮೂವತ್ತು ಕೋಟಿ ಜನರಿಗೆ ಹತ್ತು ಸ್ಥಾನ! 1921ರ ಮಾರ್ಚ್ ತಿಂಗಳಲ್ಲಿ ಕೇಂದ್ರ ಶಾಸನಸಭೆಯಲ್ಲಿ ಮದರಾಸಿನ ಸರ್ ಪಿ. ಎಸ್. ಶಿವಸ್ವಾಮಿ ಅಯ್ಯರ್ ಅವರು ನಿರ್ಣಯಗಳ ಮೇಲೆ ನಿರ್ಣಯ ತಂದು, ಅಧಿಕಾರಿ ಸ್ಥಾನಗಳಲ್ಲಿ ನಾಲ್ಕರಲ್ಲೊಂದು ಪಾಲು ಭಾರತೀಯರದಾಗಬೇಕೆಂದೂ ಅದಕ್ಕೆ ಬೇಕಾದ ಪೂರ್ವಶಿಕ್ಷಣ ಈ ದೇಶದಲ್ಲಿಯೇ ದೊರೆಯಬೇಕೆಂದೂ ಒತ್ತಾಯಿಸಿದರು. ಕತ್ತಿ ಹಿಡಿದವರಲ್ಲ, ವಕೀಲರು. ಸೈನ್ಯದ ಚರಿತ್ರೆ ಬರೆಯುವವರು ಇಂಥವರ ಹೆಸರನ್ನು ಅಡಿಟಿಪ್ಪಣಿಗೆ ತಳ್ಳಿಬಿಡುವುದು ನನಗೆ ಸರಿಕಾಣುವುದಿಲ್ಲ.

ಮರುವರ್ಷವೇ ತೆರೆದ ಡೆಹರಾಡೂನಿನ ಶಾಲೆಗೆ ಸಿಕ್ಕಿದ್ದು ಕರ್ಜನನ ಆ ಹಳೆಯ ಕೋರ್ ಇದ್ದ ನೆಲೆಯೇ. ರಾಜಕುಮಾರರು ಕುದುರೆ ಓಡಿಸಿದ ಬಯಲಿನಲ್ಲಿ ಈಗ ನೂರಕ್ಕೂ ಕಡಮೆ ಹುಡುಗರು ಕವಾಯತಿಗೆ ನಿಂತರು. ಇಂಗ್ಲೆಂಡಿನ ಪಬ್ಲಿಕ್ ಸ್ಕೂಲುಗಳದೇ ಅಚ್ಚು: ಇಂಗ್ಲಿಷ್ ಮಾಸ್ತರರು, ಇಂಗ್ಲಿಷ್ ಮಾತು, ಕ್ರಿಕೆಟ್ಟು, ಹಾಕಿ, ಊಟದ ಮೇಜಿನ ಮೇಲೆ ಚೂರಿ-ಚಮಚ. ಸ್ಯಾಂಡ್‌ಹರ್ಸ್ಟಿಗೆ ಹೋದ ನಮ್ಮ ಹುಡುಗರಲ್ಲಿ ಹಲವರು ತೇರ್ಗಡೆಯಾಗದೆ ಹಿಂದಿರುಗುತ್ತಿದ್ದರು. ಪರದೇಶದ ಚಳಿ, ಪರಭಾಷೆ, ಪರರ ನಡವಳಿಕೆ ಮೂರೂ ಒಟ್ಟಿಗೆ ಎದುರಾದರೆ ಹದಿನೆಂಟರ ಹುಡುಗ ಎಷ್ಟೆಂದು ತಡೆದಾನು? ಆದ್ದರಿಂದ ಅವನನ್ನು ಮೊದಲೇ ಇಲ್ಲಿ ಅರ್ಧ ಇಂಗ್ಲಿಷನನ್ನಾಗಿ ಮಾಡಿ ಕಳುಹಿಸುವುದು ಎಂಬ ಲೆಕ್ಕ. ಲೆಕ್ಕ ತಪ್ಪೆನ್ನಲಾರೆ. ಆದರೆ ಅದರ ಶೇಷವೇನೆಂಬುದು ಹಾಕಿದವರಿಗೂ ತಿಳಿದಿರಲಿಲ್ಲ.

ನಮ್ಮ ಕೊಡಗಿನ ಒಬ್ಬ ಹುಡುಗನನ್ನೇ ನೋಡಿ. ಮಡಿಕೇರಿಯ ಕಾಫಿ ಬೆಳೆಗಾರರ ಮನೆಯ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ, ಮನೆಯವರ ಬಾಯಲ್ಲಿ 'ದುಬ್ಬು'. ಕೂನೂರಿನಲ್ಲಿಯೂ ಬೆಂಗಳೂರಿನ ಬಿಷಪ್ ಕಾಟನ್ ಶಾಲೆಯಲ್ಲಿಯೂ ಓದಿ ಡೆಹರಾಡೂನಿನ ಈ ಹೊಸ ಶಾಲೆಗೆ ಹೋದರು. ಅಲ್ಲಿಂದ ಸ್ಯಾಂಡ್‌ಹರ್ಸ್ಟಿಗೆ ಆಯ್ಕೆಯಾದ ಆರು ಮಂದಿಯಲ್ಲೊಬ್ಬರಾಗಿ 1926ರಲ್ಲಿ ಅಧಿಕಾರಿಯಾದರು. ಅಷ್ಟರಲ್ಲಿ ಸೈನ್ಯಾಧಿಪತಿ ರಾಲಿನ್ಸನ್ನನ 'ಎಂಟು ದಳಗಳ ಯೋಜನೆ' ಜಾರಿಗೆ ಬಂದಿತ್ತು. ಭಾರತೀಯ ಅಧಿಕಾರಿಗಳನ್ನೆಲ್ಲ ಎಂಟು ದಳಗಳಲ್ಲಿ ಪ್ರತ್ಯೇಕಿಸಿದರೆ ಯಾವ ಇಂಗ್ಲಿಷನೂ ಭಾರತೀಯನ ಕೈಕೆಳಗೆ ದುಡಿಯಬೇಕಾಗಿಲ್ಲ ಎಂಬುದು ಅದರ ಗುಟ್ಟು. ಪಂಕ್ತಿಭೇದ ನಮ್ಮ ಮಠಗಳಲ್ಲಿ ಮಾತ್ರವಿರಲಿಲ್ಲ. ತಿಮ್ಮಯ್ಯನವರೂ ಅಂಥದೊಂದು ದಳದಲ್ಲಿ, ಹೈದರಾಬಾದ್ ರೆಜಿಮೆಂಟಿನಲ್ಲಿ, ದುಡಿದರು. ದೇಶದಲ್ಲಿ ಸತ್ಯಾಗ್ರಹ ನಡೆಯುತ್ತಿರುವಾಗ ಈ ಸಮವಸ್ತ್ರ ತೊಟ್ಟಿರುವುದು ನ್ಯಾಯವೇ ಎಂಬ ಪ್ರಶ್ನೆ ಅವರನ್ನು ಕಾಡಿತು. ಅಲಹಾಬಾದಿನಲ್ಲಿದ್ದಾಗ ಮೋತೀಲಾಲ ನೆಹರೂ ಅವರನ್ನೇ ಕೇಳಿದರೆಂದೂ, ರಾಜೀನಾಮೆ ಬೇಡ, ನಾಳೆ ಸ್ವತಂತ್ರ ಭಾರತಕ್ಕೆ ತರಬೇತಾದ ಅಧಿಕಾರಿಗಳು ಬೇಕಾದಾರು ಎಂಬರ್ಥದ ಉತ್ತರ ಬಂತೆಂದೂ ಹೇಳುತ್ತಾರೆ. ಮುಂದೆ ಎರಡನೆಯ ಮಹಾಯುದ್ಧದಲ್ಲಿ ಅವರು ಬರ್ಮಾ ರಣರಂಗದಲ್ಲಿ ಬ್ರಿಟಿಷರ ಪರವಾಗಿ ಕಾದಿದರು. ಅವರ ಅಣ್ಣ ಪೊನ್ನಪ್ಪನವರು ಸುಭಾಷರ ಆಜಾದ್ ಹಿಂದ್ ಫೌಜನ್ನು ಸೇರಿದ್ದರು. ಒಂದೇ ಒಲೆಯ ಅನ್ನ ಉಂಡವರು.

ಮೋತೀಲಾಲರ ಆ ಸಲಹೆ ಬಾಯಿಮಾತಿನದಲ್ಲ. 1925ರಲ್ಲಿ ನೇಮಕವಾದ ಸ್ಕೀನ್ ಸಮಿತಿಯಲ್ಲಿ ಅವರೂ ಜಿನ್ನಾ ಅವರೂ ಸದಸ್ಯರಾಗಿದ್ದರು. ಭಾರತದಲ್ಲಿಯೇ ಒಂದು ಸ್ಯಾಂಡ್‌ಹರ್ಸ್ಟ್ ಬೇಕೆಂದು ಆ ಸಮಿತಿ ಹೇಳಿತು. 1932ರಲ್ಲಿ ಅದೇ ಡೆಹರಾಡೂನಿನಲ್ಲಿ ಇಂಡಿಯನ್ ಮಿಲಿಟರಿ ಅಕಾಡೆಮಿ ತೆರೆಯಿತು. ಓದುಗರಲ್ಲಿ ಅನೇಕರು ಅಕಾಡೆಮಿಯನ್ನೂ ಈ ಶಾಲೆಯನ್ನೂ ಒಂದೇ ಎಂದು ಭಾವಿಸಿರುವುದುಂಟು. ಒಂದು ಅಧಿಕಾರಿಗಳನ್ನು ಮಾಡುವ ಕಮ್ಮಟ. ಇನ್ನೊಂದು ಆ ಕಮ್ಮಟಕ್ಕೆ ಲೋಹ ಕಾಸುವ ಒಲೆ.

ಈ ಒಲೆಗೆ ಬೀಳುತ್ತಿದ್ದುದು ಯಾರ ಮನೆಯ ಲೋಹ? ಶುಲ್ಕ ತೆರಬಲ್ಲವರ ಮಕ್ಕಳೇ ಹೆಚ್ಚು. ಸಿಪಾಯಿಯ ಮಗನಿಗೆ ಬೇರೆ ದಾರಿ, ಬೇರೆ ಶಾಲೆ. 1925ರಲ್ಲಿ ಝೇಲಂ ಮತ್ತು ಜಲಂಧರಗಳಲ್ಲಿ, 1930ರಲ್ಲಿ ಅಜ್ಮೀರದಲ್ಲಿ, 1945ರಲ್ಲಿ ಬೆಳಗಾವಿಯಲ್ಲಿ, 1946ರಲ್ಲಿ ಬೆಂಗಳೂರಿನಲ್ಲಿ ಕಿಂಗ್ ಜಾರ್ಜ್ ಹೆಸರಿನ ಶಾಲೆಗಳು ತೆರೆದವು. ಬೆಂಗಳೂರಿನ ಹೊಸೂರು ರಸ್ತೆಯ ಶಾಲೆಯ ಮುಂದೆ ನಾನು ಎಷ್ಟೋ ಸಲ ಹಾದುಹೋಗಿದ್ದೇನೆ. ಆ ಗೋಡೆಯಾಚೆಗಿನ ಶಾಲೆ ಮೊದಲಿಗೆ ಅಧಿಕಾರಿಗಳ ಮಕ್ಕಳಿಗಲ್ಲ, ಜವಾನರ ಮಕ್ಕಳಿಗಾಗಿ ಹುಟ್ಟಿತೆಂಬುದು ಊರಿನಲ್ಲಿ ಎಷ್ಟು ಜನರಿಗೆ ಗೊತ್ತು? ತಂದೆ ಸಿಪಾಯಿಯಾದರೆ ಮಗ ಹೆಚ್ಚೆಂದರೆ ಓದುಬರಹ ಬಲ್ಲ ಸುಬೇದಾರನಾಗಲಿ ಎಂಬುದು ಅಂದಿನ ಎಣಿಕೆ. ಸ್ವಾತಂತ್ರ್ಯ ಬಂದ ಮೇಲೆ, 1952ರಲ್ಲಿ, ಈ ಶಾಲೆಗಳನ್ನು ಅಧಿಕಾರಿಗಳ ಹಾಗೂ ನಾಗರಿಕರ ಮಕ್ಕಳಿಗೂ ತೆರೆದರು. ಬೇಲಿ ಕಿತ್ತಿದ್ದು ಒಳ್ಳೆಯದೇ. ಆದರೆ ಬೇಲಿ ಕಿತ್ತ ಹೊಲಕ್ಕೆ ಮೊದಲು ನುಗ್ಗುವುದು ಯಾರ ದನ ಎಂಬುದೂ ಯೋಚಿಸಬೇಕಾದ ವಿಷಯ.

ಇಂಥ ಶಾಲೆಯ ಒಳಬದುಕು ಹೇಗಿರುತ್ತದೆಂಬುದನ್ನು ನಾನು ತಿಳಿದದ್ದು ನಮ್ಮ ಬೀದಿಯ ಹುಡುಗನೊಬ್ಬನಿಂದ. ಅವನು ಓದಿದ್ದು ವಿಜಾಪುರದ ಸೈನಿಕ ಶಾಲೆಯಲ್ಲಿ. ಕೃಷ್ಣ ಮೆನನ್ ಅವರು ರಕ್ಷಣಾ ಸಚಿವರಾಗಿದ್ದಾಗ, 1961ರಲ್ಲಿ, ಸಾಮಾನ್ಯರ ಮಕ್ಕಳನ್ನೂ ಸೈನ್ಯದ ಅಧಿಕಾರಕ್ಕೆ ಅಣಿಮಾಡಲೆಂದು ಆರಂಭವಾದ ಸೈನಿಕ ಶಾಲೆಗಳ ಸಾಲಿಗೆ 1963ರಲ್ಲಿ ಸೇರಿದ್ದು ಅದು. ಹೊಯ್ಸಳ, ವಿಜಯನಗರ, ಆದಿಲ್‌ಶಾಹಿ ಎಂದು ಅಲ್ಲಿನ ವಸತಿಗೃಹಗಳ ಹೆಸರು. ಚರಿತ್ರೆಯಲ್ಲಿ ತಾಳಿಕೋಟೆಯ ಬಯಲಿನಲ್ಲಿ ಮುಗಿದ ಲೆಕ್ಕವನ್ನು ಅಲ್ಲಿ ಪ್ರತಿ ವರ್ಷ ಫುಟ್‌ಬಾಲಿನಲ್ಲಿ ಹೊಸದಾಗಿ ತೀರಿಸುತ್ತಾರೆ! ಹುಡುಗ ಮೊದಲನೆಯ ಸಲ ದಸರಾ ರಜೆಗೆ ಬಂದಾಗ ಅವನ ತಾಯಿಗೆ ಗುರುತೇ ಸಿಗಲಿಲ್ಲ. ಕತ್ತಲಿರುವಾಗಲೇ ಏಳುತ್ತಿದ್ದ. ಹಾಸಿಗೆಯ ಹೊದಿಕೆಯಲ್ಲಿ ಒಂದು ಸುಕ್ಕಿರಬಾರದು. ಬೂಟಿನಲ್ಲಿ ಮುಖ ಕಾಣಬೇಕು. ತಟ್ಟೆಯ ಮುಂದೆ ಕುಳಿತವನು ಎಲ್ಲರೂ ಬರುವವರೆಗೆ ತುತ್ತೆತ್ತಲೊಲ್ಲ. "ಮಗು, ಇದು ನಿನ್ನ ಮನೆ ಕಣೋ" ಎಂದು ಅವನ ಅಜ್ಜಿ ಕಣ್ಣೀರಿಟ್ಟರು. ಅವನು ನನಗೆ ಹೇಳಿದ ದಿನಚರಿ ಇಷ್ಟು: ಕಹಳೆ, ಓಟ, ಸ್ನಾನ, ಕವಾಯತು, ತಿಂಡಿ, ಪಾಠ, ಊಟ, ಆಟ, ದೀಪ ಹಚ್ಚಿದ ಮೇಲೆ ಓದು, ಮತ್ತೆ ಕಹಳೆ. ಅಳುವುದಕ್ಕೆ ಹೊತ್ತೆಲ್ಲಿ ಎಂದು ಕೇಳಿದೆ. "ದೀಪ ಆರಿಸಿದ ಮೇಲೆ ಮಾಮ, ಮೊದಲನೆಯ ತಿಂಗಳು ಎಲ್ಲರೂ ಅತ್ತೇ ಅಳ್ತಾರೆ. ಯಾರೂ ಯಾರಿಗೂ ಹೇಳಲ್ಲ" ಎಂದ.

ಹಾಗೆ ಕತ್ತಲಲ್ಲಿ ಒಟ್ಟಿಗೆ ಅತ್ತವರ ಸ್ನೇಹ ಗಟ್ಟಿ. ಡೆಹರಾಡೂನಿನ ಹಳೆಯ ಹುಡುಗರ ಕಥೆಯಲ್ಲಿ ನನ್ನನ್ನು ತಡೆದು ನಿಲ್ಲಿಸುವುದು ಇದೇ. 1947ರಲ್ಲಿ ದೇಶ ಸೀಳಿದಾಗ ಸೈನ್ಯವೂ ಸೀಳಿತು. ಝೇಲಂನ ಶಾಲೆ ಆಚೆಗೆ ಹೋಯಿತು; ಜಲಂಧರದ್ದು ನೆಲೆ ತಪ್ಪಿ ನೌಗಾಂವಿಗೂ, ಅಲ್ಲಿಂದ 1960ರಲ್ಲಿ ಸಿಮ್ಲಾ ಬಳಿಯ ಚೈಲ್‌ಗೂ ಹೋಯಿತು. ಡೆಹರಾಡೂನಿನ ಶಾಲೆ ಇದ್ದಲ್ಲೇ ಉಳಿಯಿತು, ಅದರ ಹುಡುಗರು ಇಬ್ಭಾಗವಾದರು. ಅಲ್ಲಿ ಓದಿದ ಮೇಜರ್ ಸೋಮನಾಥ ಶರ್ಮಾ, ಹಾಕಿ ಆಟದಲ್ಲಿ ಮುರಿದ ಕೈಗೆ ಪಟ್ಟಿ ಕಟ್ಟಿಕೊಂಡೇ ಕಾಶ್ಮೀರಕ್ಕೆ ಹಾರಿ, 1947ರ ನವೆಂಬರ್ 3ರಂದು ಬಡಗಾಮಿನಲ್ಲಿ ಮಡಿದರು; ಸ್ವತಂತ್ರ ಭಾರತದ ಮೊದಲನೆಯ ಪರಮವೀರಚಕ್ರ ಅವರದು. ಮರುವರ್ಷದ ನವೆಂಬರಿನಲ್ಲಿ ತಿಮ್ಮಯ್ಯನವರು ಹನ್ನೊಂದು ಸಾವಿರ ಅಡಿಗೂ ಮೇಲಿನ ಜೋಜಿಲಾ ಕಣಿವೆಗೆ ಟ್ಯಾಂಕುಗಳನ್ನು ಹತ್ತಿಸಿದರು. ಅದೇ ಶಾಲೆಯ ಅಸ್ಗರ್ ಖಾನ್ ಮತ್ತು ನೂರ್ ಖಾನ್ ಒಬ್ಬರ ಹಿಂದೊಬ್ಬರು ಪಾಕಿಸ್ತಾನದ ವಾಯುಸೇನೆಯ ಮುಖ್ಯಸ್ಥರಾದರು. 1965ರ ಯುದ್ಧಕ್ಕೆ ಕೆಲವೇ ವಾರಗಳ ಮುಂಚೆ ಅಧಿಕಾರ ಒಬ್ಬರಿಂದ ಇನ್ನೊಬ್ಬರಿಗೆ ಬಂದಿತ್ತು.

ಇನ್ನೊಬ್ಬರು ಸಾಹಿಬ್‌ಜಾದಾ ಯಾಕೂಬ್ ಖಾನ್, ರಾಮಪುರದ ನವಾಬರ ಬಂಧುಗಳು. 1971ರ ಮಾರ್ಚಿಯಲ್ಲಿ ಢಾಕಾದ ದಳಪತಿಯಾಗಿದ್ದಾಗ, ನಿಶ್ಶಸ್ತ್ರ ಜನರ ಮೇಲೆ ಸೈನ್ಯವನ್ನು ಹರಿಯಬಿಡಲು ಒಪ್ಪದೆ ರಾಜೀನಾಮೆ ಕೊಟ್ಟರು. ಅವರ ದರ್ಜೆಯನ್ನು ಇಳಿಸಿದರು. ಆಜ್ಞೆ ಪಾಲಿಸುವುದನ್ನೇ ಉಸಿರಾಗಿ ಕಲಿಸುವ ಶಾಲೆಯಲ್ಲಿ ಬೆಳೆದವರಿಗೆ ಆಜ್ಞೆಯನ್ನು ನಿರಾಕರಿಸುವ ಶಕ್ತಿ ಎಲ್ಲಿಂದ ಬಂತು? ಶಾಲೆಯಿಂದಲೇ ಎಂದು ಹೇಳುವ ಧೈರ್ಯ ನನಗಿಲ್ಲ. ಅದೇ ಶಾಲೆಯ ಗುಲ್ ಹಸನ್ ಆ ವರ್ಷ ರಾವಲ್ಪಿಂಡಿಯಲ್ಲಿ ಸೇನೆಯ ಉನ್ನತ ಪದವಿಯಲ್ಲಿದ್ದು ಕೊನೆಯವರೆಗೂ ಮುಂದುವರಿದರು, ಸೋಲಿನ ಮೇಲೆ ಮುಖ್ಯಸ್ಥರೂ ಆದರು.

ನಮ್ಮ ಕಡೆ ತಿಮ್ಮಯ್ಯನವರು 1957ರಿಂದ 1961ರವರೆಗೆ ಭೂಸೈನ್ಯದ ಮುಖ್ಯಸ್ಥರಾಗಿದ್ದರು. 1973ರಲ್ಲಿ ಆ ಪೀಠಕ್ಕೆ ಬಂದ ಗೋಪಾಲ ಗುರುನಾಥ ಬೇವೂರರೂ ಇದೇ ಶಾಲೆಯ ಹುಡುಗ. ಕಾರಿಯಪ್ಪನವರನ್ನು ಮಾತ್ರ ಈ ಪಟ್ಟಿಗೆ ಸೇರಿಸಬೇಡಿ. ಅವರ ತರಬೇತಿ ಇಂದೋರಿನಲ್ಲಾದದ್ದು, ಈ ಶಾಲೆ ಹುಟ್ಟುವ ಮುಂಚೆ.

ಸ್ವಾತಂತ್ರ್ಯಾನಂತರ ಹೆಸರಿನಿಂದ ಯುವರಾಜ ಹೋದ. 'ರಾಯಲ್' ಇದ್ದಲ್ಲಿ 'ರಾಷ್ಟ್ರೀಯ' ಬಂತು, 'ಇಂಡಿಯನ್' ಹಾಗೆಯೇ ಉಳಿಯಿತು: ರಾಷ್ಟ್ರೀಯ ಇಂಡಿಯನ್ ಮಿಲಿಟರಿ ಕಾಲೇಜ್. ವ್ಯಾಕರಣದವರು ಮೂಗು ಮುರಿದಾರು. ಆದರೆ ಬಿಲ್ಲೆಯ ಮೇಲಿನ ನಾಲ್ಕು ಇಂಗ್ಲಿಷ್ ಅಕ್ಷರಗಳನ್ನು ಬದಲಿಸಬೇಕಾಗಲಿಲ್ಲ. ವಸತಿ ವಿಭಾಗಗಳಿಗೆ ಪ್ರತಾಪ, ಶಿವಾಜಿ, ರಣಜಿತ್, ಚಂದ್ರಗುಪ್ತರ ಹೆಸರಿದೆ. ಧ್ಯೇಯವಾಕ್ಯ 'ಬಲ ವಿವೇಕ'. ರಾಜ್ಯರಾಜ್ಯಗಳಿಂದ ವರ್ಷಕ್ಕೆ ಎರಡು ಸಲ ಪರೀಕ್ಷೆ ನಡೆಸಿ, ಹನ್ನೊಂದೂವರೆಯಿಂದ ಹದಿಮೂರರೊಳಗಿನ ಮಕ್ಕಳನ್ನು ಎಂಟನೆಯ ತರಗತಿಗೆ ಆರಿಸುತ್ತಾರೆ. ನೂರು ವರ್ಷ ಅದು ಹುಡುಗರ ಶಾಲೆಯಾಗಿಯೇ ಇತ್ತು. 2021ರಲ್ಲಿ ವಿಷಯ ಸುಪ್ರೀಂ ಕೋರ್ಟಿನ ಮುಂದೆ ಬಂತು. 2022ರ ಮಾರ್ಚಿಯಲ್ಲಿ ಶಾಲೆಗೆ ನೂರು ತುಂಬಿತು. ನಾಲ್ಕು ತಿಂಗಳ ಮೇಲೆ, ಜುಲೈಯಲ್ಲಿ, ಮೊದಲನೆಯ ಹೆಣ್ಣುಮಕ್ಕಳು ಪೆಟ್ಟಿಗೆ ಹಿಡಿದು ಆ ಬಾಗಿಲನ್ನು ದಾಟಿದರು.